ಆಮದು ಜಿಡಿಪಿಯ ಕಾಲು ಭಾಗ: ಈ ಲೆಕ್ಕವನ್ನು ಓದುವುದು ಹೇಗೆ?

ಪ್ರಶ್ನೆ: ಭಾರತದ ಆಮದು ಜಿಡಿಪಿಯ ಶೇ 24ರಷ್ಟಿದೆ ಎಂದು ಓದಿದೆ. ಅಂದರೆ ನಾವು ಬಳಸುವುದರಲ್ಲಿ ಕಾಲು ಭಾಗ ಹೊರಗಿನದೇ? ವಿಯೆಟ್ನಾಂನದು ಶೇ 80ರ ಹತ್ತಿರವಂತೆ, ಹಾಗಾದರೆ ಅವರು ನಮಗಿಂತ ಕಷ್ಟದಲ್ಲಿರಬೇಕಲ್ಲ? ಜಿಡಿಪಿ ಲೆಕ್ಕದಲ್ಲಿ ಆಮದನ್ನು ಕಳೆಯುತ್ತಾರೆ ಎನ್ನುತ್ತಾರೆ. ಹೊರಗಿನ ಕಾಳುಮೆಣಸು ಬರುವುದನ್ನು ನಿಲ್ಲಿಸಿದರೆ ಜಿಡಿಪಿ ಏರಬೇಕಲ್ಲವೇ? ಮಗಳು ಬಿ.ಕಾಂ.ನಲ್ಲಿ ಇದೇ ವಿಷಯದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಲೆಕ್ಕ ಹಾಕುವ ಕ್ರಮವನ್ನೂ ತಿಳಿಸಿ.
ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಕಾಲು ಭಾಗ ಹೊರಗಿನದು ಎಂದು ಅರ್ಥವಲ್ಲ. ಈ ಅನುಪಾತದಲ್ಲಿ ಮೇಲಿನ ಅಂಕಿ ಒಂದು ಜಾತಿಯದು, ಕೆಳಗಿನದು ಇನ್ನೊಂದು ಜಾತಿಯದು. ಆಮದಿನಲ್ಲಿ ವಸ್ತುವಿನ ಪೂರ್ತಿ ಬೆಲೆಯನ್ನು ಬರೆದುಕೊಳ್ಳುತ್ತಾರೆ. ಜಿಡಿಪಿಗೆ (ಒಟ್ಟು ದೇಶೀಯ ಉತ್ಪನ್ನ) ಸೇರುವುದು ದೇಶದೊಳಗೆ ಆದ ಮೌಲ್ಯವರ್ಧನೆ ಮಾತ್ರ, ಅಂದರೆ ಕೊಂಡ ವಸ್ತುವಿನ ಬೆಲೆಯ ಮೇಲೆ ಇಲ್ಲಿನ ದುಡಿಮೆಯಿಂದ ಕೂಡಿದಷ್ಟು. ನಿಮ್ಮ ಚೆರ್ರಿಯನ್ನು (ಒಣಗಿಸಿದ ಕಾಫಿ ಹಣ್ಣು) ವ್ಯಾಪಾರಿ ಕೊಂಡು, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಬಿಡಿಸಿ, ಪುಡಿ ಅಂಗಡಿಗೆ ಮಾರಿ, ಅಲ್ಲಿ ಹುರಿದು ಬೀಸಿ ಗಿರಾಕಿಗೆ ಕೊಟ್ಟರೆ ಜಿಡಿಪಿ ಎಣಿಸುವುದು ಕೊನೆಯ ಪುಡಿಯ ಬೆಲೆಯನ್ನು, ಅದೂ ಒಂದೇ ಸಲ. ಎಷ್ಟು ಕೈ ಬದಲಾದರೂ ಅಷ್ಟೇ.

ಬಳಕೆಯಲ್ಲಿ ಹೊರಗಿನ ಪಾಲೆಷ್ಟು ಎಂದು ತಿಳಿಯಬೇಕಾದರೆ ಬೇರೆ ಅಂಕಿಯಿಂದ ಭಾಗಿಸಬೇಕು. ಜಿಡಿಪಿ 100, ಆಮದು 24 ಎನ್ನಿ. ಆ ವರ್ಷ ದೇಶದಲ್ಲಿ ಲಭ್ಯವಾದದ್ದು ಒಟ್ಟು 124. ಅದರಲ್ಲಿ 24 ಎಂದರೆ ಶೇ 19ರ ಚಿಲ್ಲರೆ. ಆ 24ರಲ್ಲೂ ಒಂದು ಪಾಲು ನಮ್ಮ ಮನೆಗಳಿಗೆ ಬರುವುದೇ ಇಲ್ಲ. ಕಚ್ಚಾ ತೈಲ ಬಂದು ಡೀಸೆಲ್ ಆಗಿ ಹೊರಗೆ ಹೋಗುತ್ತದೆ. 2023-24ರಲ್ಲಿ ಭಾರತ ರಫ್ತು ಮಾಡಿದ ಪೆಟ್ರೋಲಿಯಂ ಉತ್ಪನ್ನಗಳೇ ಸುಮಾರು 8,400 ಕೋಟಿ ಡಾಲರ್‌ನಷ್ಟು. ಒರಟು ವಜ್ರ ಸೂರತ್‌ಗೆ ಬಂದು ಕತ್ತರಿಸಿಕೊಂಡು, ಹೊಳಪು ಪಡೆದು ವಾಪಸು ಹೋಗುತ್ತದೆ.

ಕಾಫಿಯಲ್ಲೂ ಹೀಗೇ ನಡೆಯುತ್ತದೆ. ಹೊರಗಿನ ಕಾಫಿ ಬೀಜಕ್ಕೆ ಮಾಮೂಲಿ ಸುಂಕ ಶೇ 100. ಆದರೆ ರಫ್ತು ಮಾಡುವ ಷರತ್ತಿನ ಮೇಲೆ ತಂದ ಬೀಜಕ್ಕೆ ಆ ಸುಂಕ ಬೀಳುವುದಿಲ್ಲ. ಆದ್ದರಿಂದ ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳು ವಿಯೆಟ್ನಾಂ, ಉಗಾಂಡಾ, ಇಂಡೋನೇಷ್ಯಾದ ಅಗ್ಗದ ರೊಬಸ್ಟಾ ಜಾತಿಯ ಕಾಫಿ ಬೀಜ ತರಿಸಿ, ಪುಡಿ ಮಾಡಿ ಕಳುಹಿಸುತ್ತವೆ. 100 ರೂಪಾಯಿಯ ಬೀಜ ತಂದು 160 ರೂಪಾಯಿಯ ಪುಡಿ ರಫ್ತು ಮಾಡಿದರೆ ಆಮದಿಗೆ ಸೇರಿದ್ದು 100, ಜಿಡಿಪಿಗೆ ಸೇರಿದ್ದು 60. ಈ ಒಂದು ವ್ಯವಹಾರವನ್ನಷ್ಟೇ ನೋಡಿದರೆ ಆಮದು ಜಿಡಿಪಿಯ ಶೇ 167 ಆಯಿತು! ಅದರಿಂದ ದೇಶಕ್ಕೆ ನಷ್ಟವೇನೂ ಆಗಲಿಲ್ಲ, 60 ರೂಪಾಯಿ ಗಳಿಕೆಯೇ ಆಯಿತು.

ವಿಯೆಟ್ನಾಂನ ಶೇ 80ಕ್ಕೆ ಕಾರಣವೂ ಇದೇ. ಚೀನಾ, ಕೊರಿಯಾಗಳಿಂದ ಬಿಡಿಭಾಗ ತರಿಸಿ, ಫೋನ್ ಜೋಡಿಸಿ ಕಳುಹಿಸುವ ದೊಡ್ಡ ಕಾರ್ಖಾನೆಗಳು ಅಲ್ಲಿವೆ. ಇತ್ತೀಚಿನ ವರ್ಷಗಳಲ್ಲಿ ಸರಕು ವ್ಯಾಪಾರದಲ್ಲಿ ಅವರ ರಫ್ತು ಆಮದಿಗಿಂತ ಹೆಚ್ಚೇ ಇದೆ. ಸಿಂಗಪುರದ ಆಮದು ಅದರ ಜಿಡಿಪಿಯನ್ನೇ ಮೀರುತ್ತದೆ. ಇನ್ನೊಂದು ಕಾರಣ ದೇಶದ ಗಾತ್ರ. ಮೂಡಿಗೆರೆ ತಾಲ್ಲೂಕೊಂದನ್ನೇ ದೇಶವೆಂದುಕೊಂಡು ಕೊಟ್ಟಿಗೆಹಾರದಲ್ಲಿ ಒಂದು ಕಸ್ಟಮ್ಸ್ ಗೇಟು ಹಾಕಿದರೆ ತೊಗರಿಬೇಳೆ, ಅಡುಗೆ ಎಣ್ಣೆ, ಸಿಮೆಂಟು, ಗೊಬ್ಬರ, ಬೈಕು, ಬಟ್ಟೆ ಎಲ್ಲವೂ ಆಮದೇ. ಕಾಫಿ, ಮೆಣಸು, ಏಲಕ್ಕಿ ರಫ್ತು. ಅನುಪಾತ ಎಲ್ಲೋ ಹೋಗಿ ನಿಲ್ಲುತ್ತದೆ. ದೇಶ ದೊಡ್ಡದಾದಷ್ಟೂ ಕೊಡುಕೊಳ್ಳುವಿಕೆ ಗಡಿಯೊಳಗೇ ಮುಗಿಯುತ್ತದೆ. ಅಮೆರಿಕದ ಅನುಪಾತ ಶೇ 14ರ ಆಸುಪಾಸು, ಚೀನಾದ್ದು 17-18. ಹಾಗಾಗಿ ಭಾರತವನ್ನು ವಿಯೆಟ್ನಾಂ ಪಕ್ಕ ನಿಲ್ಲಿಸುವುದಕ್ಕಿಂತ ಚೀನಾ, ಬ್ರೆಜಿಲ್ ಪಕ್ಕ ನಿಲ್ಲಿಸುವುದು ಸರಿ. ಆ ಸಾಲಿನಲ್ಲಿ ನಮ್ಮದು ಸ್ವಲ್ಪ ಮೇಲೆಯೇ ಇದೆ. ಅದಕ್ಕೆ ಮುಖ್ಯ ಕಾರಣ ತೈಲ.

ಈಗ ಆ ಮೈನಸ್ ಚಿಹ್ನೆಯ ವಿಷಯ. ಪಠ್ಯಪುಸ್ತಕದ ಸೂತ್ರ ಹೀಗಿದೆ: ಜಿಡಿಪಿ = ಖಾಸಗಿ ಬಳಕೆ + ಹೂಡಿಕೆ + ಸರ್ಕಾರದ ವೆಚ್ಚ + ರಫ್ತು − ಆಮದು. ಇದನ್ನು ನೋಡಿ ಆಮದು ಜಿಡಿಪಿಯನ್ನು ತಿನ್ನುತ್ತದೆ ಎಂದುಕೊಳ್ಳುವವರು ಬಹಳ, ಟಿ.ವಿ. ಚರ್ಚೆಗಳಲ್ಲೂ ಇದನ್ನು ಕೇಳುತ್ತೇವೆ. ಕಳೆಯುವುದು ಶಿಕ್ಷೆಗಲ್ಲ. ಮೊದಲ ಕಾಲಂಗಳಲ್ಲಿ ಹೊರಗಿನ ವಸ್ತುವೂ ಬೆರೆತುಕೊಂಡಿರುತ್ತದೆ, ಅದನ್ನು ತೆಗೆದುಹಾಕಲು ಕಳೆಯುತ್ತಾರೆ.

ನೀವು ಹಾಸನದಲ್ಲಿ ಹೊರದೇಶದ ಒಂದು ವೀಡ್ ಕಟರ್ (ಕಳೆ ಕತ್ತರಿಸುವ ಯಂತ್ರ) ಕೊಂಡಿರಿ ಎನ್ನಿ. ಬಂದರಿನಲ್ಲಿ ಇಳಿದಾಗ ಅದರ ಬೆಲೆ 20,000 ರೂಪಾಯಿ. ಸುಂಕ, ಜಿಎಸ್‌ಟಿ, ಲಾರಿ ಬಾಡಿಗೆ, ಡೀಲರ್ ಲಾಭ ಎಲ್ಲ ಸೇರಿ ನಿಮ್ಮ ಕೈಗೆ 30,000ಕ್ಕೆ ಬಂತು. ತೋಟದ ಕೆಲಸಕ್ಕೆ ಕೊಂಡ ಯಂತ್ರವಾದ್ದರಿಂದ ಹೂಡಿಕೆಯ ಕಾಲಂಗೆ 30,000 ಸೇರಿತು. ಆಮದಿನ ಕಾಲಂನಲ್ಲಿ 20,000 ಕಳೆಯಿತು. ಉಳಿದ 10,000 ಭಾರತದ ಜಿಡಿಪಿ: ತೆರಿಗೆ, ಲಾರಿಯವರ ದುಡಿಮೆ, ಅಂಗಡಿಯವರ ದುಡಿಮೆ. ಆಮದಿನಿಂದ ಜಿಡಿಪಿ ಇಳಿಯಲಿಲ್ಲ. ಅದೇ ಯಂತ್ರ ಇಲ್ಲೇ ತಯಾರಾಗಿದ್ದರೆ 30,000ವೂ ನಮ್ಮ ಲೆಕ್ಕಕ್ಕೇ ಬರುತ್ತಿತ್ತು ಎಂಬ ಮಾತು ನಿಜ. ಆದರೆ ‘ತಯಾರಾಗಿದ್ದರೆ’ ಎಂಬಲ್ಲೇ ಎಲ್ಲ ಇರುವುದು. ಆಮದು ನಿಲ್ಲಿಸಿದ ಮಾತ್ರಕ್ಕೆ ಕಾರ್ಖಾನೆ ಏಳುವುದಿಲ್ಲ.

ಕಾಳುಮೆಣಸಿಗೂ ಇದೇ ಮಾತು. ಇವತ್ತು ಆಮದು ನಿಂತರೂ ಈ ವರ್ಷದ ಬಳ್ಳಿಯಲ್ಲಿ ಇರುವಷ್ಟೇ ಕಾಳು. ಹೊಸದಾಗಿ ಹಬ್ಬಿಸಿದ ಬಳ್ಳಿ ಫಸಲಿಗೆ ಬರಲು ಮೂರು-ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಏರುವುದು ಬೆಲೆ. ನಿಮಗೆ ಬಂದ ಹೆಚ್ಚುವರಿ ಹಣ ಮಸಾಲೆ ಪುಡಿ ಕೊಳ್ಳುವವರ ಜೇಬಿನಿಂದ ಬಂದದ್ದು. ದೇಶದ ಅನುಪಾತದ ದೃಷ್ಟಿಯಿಂದ ಮೆಣಸು ಲೆಕ್ಕಕ್ಕೇ ಇಲ್ಲ. ವರ್ಷಕ್ಕೆ 40,000 ಟನ್ ಬಂತು, ಕಿಲೋಗೆ 6 ಡಾಲರ್ ಎಂದು ಧಾರಾಳವಾಗಿಯೇ ಊಹಿಸಿಕೊಳ್ಳಿ: 24 ಕೋಟಿ ಡಾಲರ್. 2023-24ರ ಒಟ್ಟು ಸರಕು ಆಮದು ಸುಮಾರು 67,800 ಕೋಟಿ ಡಾಲರ್. ಹತ್ತು ಸಾವಿರ ರೂಪಾಯಿಯ ಬಿಲ್ಲಿನಲ್ಲಿ ಮೂರೂವರೆ ರೂಪಾಯಿ. ಆದರೆ ನಿಮ್ಮ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ, ಏಕೆಂದರೆ ಮೆಣಸಿನ ಮಾರುಕಟ್ಟೆಯೇ ಸಣ್ಣದು. ಕೆಲವು ಸಾವಿರ ಟನ್ ಬಂದಿಳಿದರೂ ಮೂಡಿಗೆರೆ, ಸಕಲೇಶಪುರದ ದರ ಅಲುಗಾಡುತ್ತದೆ. ಅದಕ್ಕೇ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗವಾಗಿ ತರುವಂತಿಲ್ಲ ಎಂಬ ಮಿತಿ) ಬಂದದ್ದು. ಅದರ ಮಿತಿಯೂ ಸ್ಪಷ್ಟ: ಊರಿನ ದರ 650 ದಾಟಿದಾಗ 500ರ ತಡೆ ಯಾರನ್ನೂ ತಡೆಯುವುದಿಲ್ಲ. ಜೊತೆಗೆ ಶ್ರೀಲಂಕಾದೊಂದಿಗಿನ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇಲ್ಲ. ಅಡಿಕೆಯಲ್ಲೂ 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು 251ರಿಂದ 351 ರೂಪಾಯಿಗೆ ಏರಿಸಿದರು. ಆದರೆ ಮ್ಯಾನ್ಮಾರ್ ಕಡೆಯಿಂದ ಕಳ್ಳದಾರಿಯಲ್ಲಿ ಬರುವ ಅಡಿಕೆ ಈ ಬೆಲೆಯನ್ನೂ ಕೇಳುವುದಿಲ್ಲ, ಆಮದಿನ ಅಂಕಿಯಲ್ಲೂ ಕಾಣಿಸುವುದಿಲ್ಲ. ಮೆಣಸು, ಅಡಿಕೆಯ ಹೋರಾಟಕ್ಕೆ ನ್ಯಾಯವಾದ ಕಾರಣಗಳಿವೆ. ಜಿಡಿಪಿ ಅನುಪಾತವನ್ನು ಅದಕ್ಕೆ ಸಾಕ್ಷಿಯಾಗಿ ಕರೆಯಬೇಡಿ.

ಹಾಗಾದರೆ ಅನುಪಾತ ಏರಿದರೆ ಚಿಂತೆ ಪಡಬೇಕೇ? ನಮ್ಮ ಇತಿಹಾಸವನ್ನೇ ನೋಡಿ. 1970ರಲ್ಲಿ ಭಾರತದ ಆಮದು ಜಿಡಿಪಿಯ ಶೇ 4ರ ಆಸುಪಾಸು. ಲೈಸೆನ್ಸು, ಕೋಟಾಗಳ ಕಾಲ. 1990-91ರಲ್ಲೂ ಶೇ 8-9 ಮಾತ್ರ. ಇವತ್ತಿನ ಮೂರನೇ ಒಂದು ಭಾಗ. ಆದರೂ 1991ರಲ್ಲಿ ವಿದೇಶಿ ವಿನಿಮಯ ಕರಗಿ ಎರಡು-ಮೂರು ವಾರದ ಆಮದಿಗಷ್ಟೇ ಸಾಕಾಗುವ ಸ್ಥಿತಿ ಬಂತು. ಆ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರಗೆ ಅಡವಿಟ್ಟಿತು. ಆಮದು ಕಡಿಮೆ ಇತ್ತು, ಅದಕ್ಕೆ ಕೊಡಲು ಡಾಲರ್ ಅದಕ್ಕಿಂತಲೂ ಕಡಿಮೆ ಇತ್ತು. ಕೊಲ್ಲಿ ಯುದ್ಧದಿಂದ ತೈಲ ಬೆಲೆ ಏರಿತು, ಅಲ್ಲಿ ದುಡಿಯುತ್ತಿದ್ದವರು ವಾಪಸಾದರು, ಸೋವಿಯತ್ ಒಕ್ಕೂಟ ಕುಸಿಯಿತು. ಆ ಕೊನೆಯ ಪೆಟ್ಟು ಕಾಫಿ ನಾಡಿಗೆ ನೇರವಾಗಿ ತಾಗಿದ್ದು: ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ನಿಂದ, ಡಾಲರ್ ಬದಲು ರೂಪಾಯಿಯಲ್ಲೇ ಲೆಕ್ಕ ತೀರಿಸುವ ವ್ಯಾಪಾರದಲ್ಲಿ ಹೋಗುತ್ತಿದ್ದ ಕಾಫಿಗೆ ಸೋವಿಯತ್ ದೊಡ್ಡ ಗಿರಾಕಿ. ಕೊಳ್ಳುವವರನ್ನು ಒಬ್ಬರನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ನಿಮ್ಮ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆ ಕುದುರೆಮುಖ. 1970ರ ದಶಕದಲ್ಲಿ ಇರಾನ್‌ನ ಸಾಲದ ನೆರವಿನಿಂದ, ಇರಾನ್‌ನ ಉಕ್ಕಿನ ಕಾರ್ಖಾನೆಗಳಿಗಾಗಿಯೇ ಆರಂಭವಾದ ಅದಿರು ಯೋಜನೆ ಅದು. 1979ರ ಕ್ರಾಂತಿಯಲ್ಲಿ ಕೊಳ್ಳುವವರೇ ಇಲ್ಲವಾದರು.

2012-13ರಲ್ಲಿ ಆಮದಿನ ಅನುಪಾತ ಶೇ 31ರ ಹತ್ತಿರ ಹೋಗಿತ್ತು. ಆಗ ನಿಜಕ್ಕೂ ಎಚ್ಚರಿಸಬೇಕಾಗಿದ್ದ ಅಂಕಿ ಬೇರೆ: ಚಾಲ್ತಿ ಖಾತೆ ಕೊರತೆ (ವ್ಯಾಪಾರ, ಬಡ್ಡಿ, ಕಳಿಸಿದ ಹಣ ಎಲ್ಲ ಸೇರಿ ಹೊರಗೆ ಹೋದದ್ದು ಒಳಗೆ ಬಂದದ್ದಕ್ಕಿಂತ ಹೆಚ್ಚಾದಷ್ಟು), ಜಿಡಿಪಿಯ ಶೇ 4.8. ಮರುವರ್ಷ, 2013ರ ಮೇನಿಂದ ಆಗಸ್ಟ್‌ವರೆಗಿನ ನಾಲ್ಕು ತಿಂಗಳಲ್ಲಿ ಡಾಲರ್ 55 ರೂಪಾಯಿಯ ಆಸುಪಾಸಿನಿಂದ 68 ದಾಟಿತು. 2023-24ರಲ್ಲಿ ಆಮದು ಶೇ 24 ಇದ್ದರೂ ರಫ್ತು ಸುಮಾರು 22, ಅದರ ಮೇಲೆ ಹೊರದೇಶದಲ್ಲಿರುವವರು ಕಳಿಸಿದ ಹಣ. ಕೊರತೆ ಶೇ 1ಕ್ಕಿಂತ ಕೆಳಗೆ. 2024ರ ಮಾರ್ಚ್ ಕೊನೆಗೆ ವಿದೇಶಿ ವಿನಿಮಯ ಮೀಸಲು ಸುಮಾರು 64,600 ಕೋಟಿ ಡಾಲರ್, ಹತ್ತು ತಿಂಗಳಿಗೂ ಮಿಕ್ಕ ಆಮದಿಗೆ ಸಾಕಾಗುವಷ್ಟು. ನೆರೆಯವರಲ್ಲಿ ನೇಪಾಳದ ಆಮದು ಜಿಡಿಪಿಯ ಮೂರನೇ ಒಂದು ಭಾಗದಷ್ಟು, ರಫ್ತು ಅತ್ಯಲ್ಪ. ಗಲ್ಫ್, ಮಲೇಷ್ಯಾಗಳಲ್ಲಿ ದುಡಿಯುವವರ ಹಣದಿಂದ ಅದು ನಡೆಯುತ್ತಿದೆ. ಶ್ರೀಲಂಕಾದ ಅನುಪಾತ ನಮ್ಮಷ್ಟೇ, ಕಾಲು ಭಾಗದ ಆಸುಪಾಸು. ಆದರೂ 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷ ಡಾಲರ್ ಉಳಿಯುತ್ತದೆಂದೂ ಲೆಕ್ಕ ಹಾಕಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಷೇಧಿಸಿದ್ದರು. ಭತ್ತ, ಚಹಾ ಇಳುವರಿ ಕುಸಿಯಿತು. ಉಳಿದ ಡಾಲರ್ ಅಕ್ಕಿ ಆಮದಿಗೆ ಹೋಯಿತು.

ಭಾರತದ ಅನುಪಾತ ವರ್ಷದಿಂದ ವರ್ಷಕ್ಕೆ ಹಾರುವುದು, ಇಳಿಯುವುದು ಹೆಚ್ಚಾಗಿ ತೈಲದಿಂದ. 2022-23ರಲ್ಲಿ ತಂದ ಕಚ್ಚಾ ತೈಲ 23 ಕೋಟಿ ಟನ್ ಚಿಲ್ಲರೆ, ಬಿಲ್ಲು ಸುಮಾರು 15,700 ಕೋಟಿ ಡಾಲರ್. 2023-24ರಲ್ಲೂ ಹೆಚ್ಚುಕಡಿಮೆ ಅಷ್ಟೇ ತೈಲ, ಬಿಲ್ಲು ಸುಮಾರು 13,300 ಕೋಟಿ. ಒಂದು ಹನಿ ಕಡಿಮೆ ಬಳಸದೆಯೂ 2,400 ಕೋಟಿ ಡಾಲರ್ ಉಳಿಯಿತು. ಅನುಪಾತದಲ್ಲಿ ಅದು ಸುಮಾರು 0.7 ಶೇಕಡಾ ಅಂಶ. 2014ರ ನಂತರ ಬ್ಯಾರೆಲ್ ಬೆಲೆ 100 ಡಾಲರ್‌ನಿಂದ ಅರ್ಧಕ್ಕೂ ಕೆಳಗೆ ಬಿದ್ದಾಗ ಅನುಪಾತ ಇಳಿದದ್ದೂ ಹೀಗೆಯೇ. ಅದನ್ನು ಸ್ವಾವಲಂಬನೆ ಎಂದು ಹೊಗಳಿಕೊಂಡವರು ಬೆಲೆ ಮತ್ತೆ ಏರಿದಾಗ ಸುಮ್ಮನಾದರು. ಆಮದು ನಿಂತರೆ ಬೀಳುವ ಪೆಟ್ಟಿನ ಅಳತೆ ಬೇಕಾದರೆ ಅನುಪಾತವನ್ನು ಬಿಟ್ಟು, ಯಾವ ವಸ್ತುವಿಗೆ ಬದಲಿ ಇಲ್ಲ ಎಂದು ನೋಡಬೇಕು.

ಆ ಪಟ್ಟಿಯಲ್ಲಿ ಎರಡು ವಸ್ತುಗಳು ನಿಮ್ಮ ತೋಟದಲ್ಲೇ ಇವೆ. ಮೊದಲನೆಯದು ಡೀಸೆಲ್. ಫೆಬ್ರುವರಿ, ಮಾರ್ಚ್‌ನಲ್ಲಿ ರೊಬಸ್ಟಾಗೆ ಹೂವಿನ ನೀರು (ಹೂ ಅರಳಿಸಲು ಕೊಡುವ ನೀರು) ಕೊಡುವಾಗ ಕೆರೆಯ ದಂಡೆಯಲ್ಲಿ ಓಡುವ ಪಂಪ್‌ಸೆಟ್ಟಿಗೆ ಹಾಕುವ ಡೀಸೆಲ್ ಮಂಗಳೂರಿನ ಸಂಸ್ಕರಣಾಗಾರದಿಂದ ಪೈಪ್‌ಲೈನಿನಲ್ಲಿ ಹಾಸನಕ್ಕೆ ಬಂದಿರುವ ಸಾಧ್ಯತೆಯೇ ಹೆಚ್ಚು. ಅದೇ ಪೈಪು ಮುಂದೆ ಬೆಂಗಳೂರಿನ ದೇವನಗೊಂದಿಗೆ ಹೋಗುತ್ತದೆ. ಸಂಸ್ಕರಣೆ ನಮ್ಮದು, ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನದು. ಹೂವಿನ ನೀರನ್ನು ಹದಿನೈದು ದಿನ ಮುಂದೂಡಿ ಅಗ್ಗದ ಡೀಸೆಲ್‌ಗೆ ಕಾಯಲು ಆಗುವುದಿಲ್ಲ. ಎರಡನೆಯದು ಪೊಟ್ಯಾಷ್. ಯೂರಿಯಾ ಬಹುಪಾಲು ಇಲ್ಲೇ ತಯಾರಾಗುತ್ತದೆ (ಅದಕ್ಕೆ ಬೇಕಾದ ಅನಿಲದಲ್ಲಿ ದೊಡ್ಡ ಪಾಲು ಹೊರಗಿನದು, ಆ ಮಾತು ಬೇರೆ). ಪೊಟ್ಯಾಷ್ ಗೊಬ್ಬರವಾದ ಎಂಒಪಿ ಮಾತ್ರ ಹೆಚ್ಚುಕಡಿಮೆ ಪೂರ್ತಿ ಹೊರಗಿನದೇ: ಕೆನಡಾ, ರಷ್ಯಾ, ಬೆಲಾರುಸ್, ಜೋರ್ಡಾನ್, ಇಸ್ರೇಲ್. 2022ರಲ್ಲಿ ರಷ್ಯಾ, ಬೆಲಾರುಸ್ ಸರಬರಾಜು ತೊಡಕಾಗಿ 50 ಕಿಲೋ ಚೀಲ 1,700 ರೂಪಾಯಿ ಮುಟ್ಟಿತು. ಯೂರಿಯಾ ಚೀಲ 266 ರೂಪಾಯಿ ಚಿಲ್ಲರೆಯಲ್ಲೇ ನಿಂತಿತ್ತು, ಏರಿದ ಹೊರೆಯನ್ನು ಸಬ್ಸಿಡಿ ಹೊತ್ತಿತು. ಬೆಲೆ ನೋಡಿ ಪೊಟ್ಯಾಷ್ ಬಿಟ್ಟು ಯೂರಿಯಾ ಹೆಚ್ಚು ಹಾಕಿದ ಕಡೆ ಚಿಗುರೇನೋ ಚೆನ್ನಾಗಿ ಬರುತ್ತದೆ, ಕಾಯಿ ತುಂಬುವುದಿಲ್ಲ. ಒಟ್ಟು ಆಮದಿನಲ್ಲಿ ಪೊಟ್ಯಾಷಿನ ಪಾಲು ತೀರಾ ಸಣ್ಣದು, ಚಿನ್ನದ ಪಾಲು ದೊಡ್ಡದು (2023-24ರಲ್ಲಿ ಸುಮಾರು 4,550 ಕೋಟಿ ಡಾಲರ್). ಒಂದು ವರ್ಷ ಚಿನ್ನ ಬರದಿದ್ದರೆ ಮದುವೆ ಮನೆಯಲ್ಲಿ ಬೇಸರ, ಪೊಟ್ಯಾಷ್ ಬರದಿದ್ದರೆ ಫಸಲಿಗೇ ಹೊಡೆತ.

ಮಗಳ ಪ್ರಾಜೆಕ್ಟಿಗೆ ಲೆಕ್ಕದ ಕ್ರಮ. ಮೊದಲು ಯಾವ ಆಮದು ಎಂದು ತೀರ್ಮಾನಿಸಲಿ: ಸರಕು ಮಾತ್ರವೋ, ಸರಕು ಮತ್ತು ಸೇವೆ ಎರಡೂ ಸೇರಿಯೋ. ಶೇ 24 ಎನ್ನುವುದು ಎರಡೂ ಸೇರಿದ್ದು. 2023-24ರಲ್ಲಿ ಸರಕು ಸುಮಾರು 67,800 ಕೋಟಿ ಡಾಲರ್, ಸೇವೆ ಸುಮಾರು 17,800 ಕೋಟಿ, ಒಟ್ಟು 85,600 ಕೋಟಿ. ಸೇವೆ ಎಂದರೆ ಹಡಗಿನ ಬಾಡಿಗೆ, ಸಾಫ್ಟ್‌ವೇರ್ ಪರವಾನಗಿ, ರಾಯಲ್ಟಿ, ಪ್ರವಾಸ. ಹೊರದೇಶದಲ್ಲಿ ಓದುವ ನಮ್ಮ ಮಕ್ಕಳ ಫೀಸು, ಊಟ, ವಸತಿ ಖರ್ಚೂ ಅದರಲ್ಲೇ. ಹೊರಗಿನ ಹೂಡಿಕೆದಾರರಿಗೆ ಹೋಗುವ ಬಡ್ಡಿ, ಡಿವಿಡೆಂಡ್ ಇದರಲ್ಲಿ ಸೇರುವುದಿಲ್ಲ. ಸರಾಸರಿ ವಿನಿಮಯ ದರ 82.8 ರೂಪಾಯಿಯಂತೆ 85,600 ಕೋಟಿ ಡಾಲರ್ ಎಂದರೆ ಸುಮಾರು 70.9 ಲಕ್ಷ ಕೋಟಿ ರೂಪಾಯಿ. ವರ್ಷದ ಕೊನೆಯ ದಿನದ ದರವಲ್ಲ, ವರ್ಷದ ಸರಾಸರಿ ದರವನ್ನೇ ಹಾಕಬೇಕು.

ಛೇದಕ್ಕೆ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಜಿಡಿಪಿ, ‘ಪ್ರಸ್ತುತ ಬೆಲೆಗಳಲ್ಲಿ’ ಎಂದಿರುವ ಕಾಲಂ. ಪಕ್ಕದಲ್ಲೇ ‘ಸ್ಥಿರ ಬೆಲೆಗಳಲ್ಲಿ’ ಎಂಬ ಕಾಲಂ ಇರುತ್ತದೆ, ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲೇ. 2023-24ರ ಬೆಲೆಯ ಆಮದನ್ನು 2011-12ರ ಬೆಲೆಯ ಜಿಡಿಪಿಯಿಂದ ಭಾಗಿಸಿದರೆ ಶೇ 40 ಬಂದು ಕೂರುತ್ತದೆ. ಕೊಳ್ಳುವ ಶಕ್ತಿಯ ಸಮಾನತೆಯ (ದೇಶದೇಶಗಳ ನಡುವಿನ ಬೆಲೆ ವ್ಯತ್ಯಾಸವನ್ನು ಸರಿದೂಗಿಸಿದ) ಡಾಲರ್ ಜಿಡಿಪಿಯಿಂದ ಭಾಗಿಸಿದರೆ ಇದಕ್ಕೆ ವಿರುದ್ಧವಾಗಿ ಶೇ 6ರ ಆಸುಪಾಸು ಬರುತ್ತದೆ. ಎರಡೂ ತಪ್ಪು. 2023-24ರ ಜಿಡಿಪಿಯನ್ನು 2024ರ ಮೇನಲ್ಲಿ 295.4 ಲಕ್ಷ ಕೋಟಿ ಎಂದರು, 2025ರ ಫೆಬ್ರುವರಿಯಲ್ಲಿ ಅದೇ ವರ್ಷಕ್ಕೆ 301.2 ಲಕ್ಷ ಕೋಟಿ ಎಂದು ಪರಿಷ್ಕರಿಸಿದರು. ಮೊದಲನೆಯದರಲ್ಲಿ ಅನುಪಾತ 24.0, ಎರಡನೆಯದರಲ್ಲಿ 23.5. ದಶಾಂಶದ ಮುಂದಿನ ಏರಿಳಿತಕ್ಕೆ ಆರ್ಥಿಕ ಕಾರಣ ಹುಡುಕುವ ಮೊದಲು ಇದನ್ನು ನೋಡಿಕೊಳ್ಳಲಿ. ಬಂದ ಉತ್ತರವನ್ನು ಅದೇ ಕಚೇರಿಯ ವೆಚ್ಚ ಬದಿಯ ಕೋಷ್ಟಕದೊಂದಿಗೆ ತಾಳೆ ನೋಡಬಹುದು. ಆಮದು ಜಿಡಿಪಿಯ ಶೇಕಡಾ ಎಷ್ಟು ಎಂದು ಅಲ್ಲೇ ಒಂದು ಸಾಲಿದೆ. ಚಿನ್ನಕ್ಕೂ ಅಲ್ಲಿ ‘ಅಮೂಲ್ಯ ವಸ್ತುಗಳು’ ಎಂಬ ಪ್ರತ್ಯೇಕ ಸಾಲಿದೆ.

ಬೇರೆ ದೇಶಗಳ ಹೋಲಿಕೆಗೆ ವಿಶ್ವ ಬ್ಯಾಂಕಿನ ಸರಣಿ ಒಂದನ್ನೇ ಬಳಸಲಿ. ಅದರಲ್ಲಿ ಭಾರತದ ‘2023’ ಎಂದರೆ 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನ ಆರ್ಥಿಕ ವರ್ಷ. ಚೀನಾ, ವಿಯೆಟ್ನಾಂಗೆ ಅದು ಜನವರಿಯಿಂದ ಡಿಸೆಂಬರ್. ಮೂರು ತಿಂಗಳ ಆಮದನ್ನು ವರ್ಷದ ಜಿಡಿಪಿಯಿಂದ ಭಾಗಿಸುವುದು ಇನ್ನೊಂದು ಮಾಮೂಲಿ ತಪ್ಪು.

ವಾಣಿಜ್ಯ ಸಚಿವಾಲಯ ಪ್ರತಿ ತಿಂಗಳ ಮಧ್ಯದಲ್ಲಿ ಬಿಡುವ ಅಂಕಿಯನ್ನು ಆ ದಿನದ ಪತ್ರಿಕೆಯಿಂದ ಎತ್ತಿಕೊಳ್ಳಬೇಡ ಎಂದು ಹೇಳಿ. 2024ರ ನವೆಂಬರ್‌ನ ಚಿನ್ನದ ಆಮದನ್ನು ಮೊದಲು ಸುಮಾರು 1,480 ಕೋಟಿ ಡಾಲರ್ ಎಂದು ಪ್ರಕಟಿಸಿದ್ದರು. ದಾಖಲೆ ಸಂಗ್ರಹದ ವ್ಯವಸ್ಥೆ ಬದಲಾಗುವಾಗ ಎರಡೆರಡು ಸಲ ಎಣಿಕೆಯಾಗಿತ್ತು. ಮುಂದೆ ಅದು ಸುಮಾರು 984 ಕೋಟಿಗೆ ಇಳಿಯಿತು, ಅಂದರೆ ಒಂದೇ ತಿಂಗಳಲ್ಲಿ 500 ಕೋಟಿ ಡಾಲರ್ ವ್ಯತ್ಯಾಸ. ವರದಿ ಸಲ್ಲಿಸುವ ವಾರದಲ್ಲಿ ಅಂಕಿಗಳನ್ನು ಹೊಸದಾಗಿ ಇಳಿಸಿಕೊಂಡು, ಪ್ರತಿ ಕೋಷ್ಟಕದ ಕೆಳಗೆ ಅಂಕಿ ತೆಗೆದ ದಿನಾಂಕವನ್ನೂ ಅದು ತಾತ್ಕಾಲಿಕವೋ ಪರಿಷ್ಕೃತವೋ ಎಂಬುದನ್ನೂ ಬರೆಯಲಿ.